ಹಿರಿಯರ ಮರೆವನ್ನು ಕಡೆಗಣಿಸದಿರಿ



ಕುಟುಂಬ ಕಲ್ಯಾಣವೆಂದೊಡನೆ ತಾಯಿ ಮತ್ತು ಮಕ್ಕಳ ಆರೋಗ್ಯವೇ ನಮ್ಮ ನೆನಪಿಗೆ ಬರುತ್ತದೆ. ಒಂದೇ ಸೂರಿನಡಿ ಬಾಳುವ ಅತ್ತೆ ಮಾವಂದಿರೂ ಆ ಕುಟುಂಬಕ್ಕೆ ಸೇರಿದವರೇ. ಆದುದರಿಂದ ಇಂದು ಆಲ್ಜೈಮರ್ ಎಂಬ ಮರೆಗುಳಿ ಕಾಯಿಲೆಯನ್ನು ಮೊದಲ ಹಂತದಲ್ಲಿಯೇ ಗುರುತಿಸುವುದನ್ನು ಕುರಿತು ತಮ್ಮೊಡನೆ ಕೆಲವು ಮಾತುಗಳನ್ನಾಡಬಯಸುತ್ತೇನೆ.

ಅರವತ್ತಕ್ಕೆ ಅರಳು ಮರಳು ಎಂಬ ಗಾದೆಯೇ ಅನೇಕ ರೋಗಿಗಳನ್ನು ಆಸ್ಪತ್ರೆಯಿಂದ ದೂರವಿರಿಸಿದೆ ಎಂದರೆ ತಪ್ಪಾಗಲಾರದು. ಮುಪ್ಪಿನಲ್ಲಿ ಪರಿಚಿತರ ಹೆಸರು ತಟ್ಟನೆ ಹೊಳೆಯದಿರುವುದು ಸಹಜ. ಸ್ವಲ್ಪ ಹೊತ್ತಿನಲ್ಲಿ ಅದು ನೆನಪಾಗುತ್ತದೆ. ರೋಗದ ಮರೆವು ಬೇರೆ ಬಗೆಯದು. ಐವತ್ತು ವರ್ಷಗಳ ಹಿಂದಿನ ಮದುವೆಯೂಟವನ್ನು ಬಣ್ಣಿಸುವ ಅಜ್ಜಿಗೆ ಈಗತಾನೇ ಮುದ್ದೆ ಉಂಡದ್ದು ನೆನಪಿರುವುದಿಲ್ಲ. ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಾರೆ. ಸಂತೆಯ ಲೆಕ್ಕ ತಪ್ಪುತ್ತದೆ, ಸಾರಿಗೆ ಎರಡು ಬಾರಿ ಉಪ್ಪು ಬೀಳುತ್ತದೆ. ದಿನವೂ ನಡೆದಾಡಿದ ಹೊಲದ ಹಾದಿಯಲ್ಲಿಯೇ ದಿಕ್ಕು ತೋಚದೆ ನಿಲ್ಲುತ್ತಾರೆ. ಇವೆಲ್ಲ ತಿಂಗಳುಗಟ್ಟಲೆ ನಿಧಾನವಾಗಿ ಹೆಚ್ಚುತ್ತ ಹೋಗುತ್ತವೆ. ಒಂದೆರಡು ದಿನಗಳಲ್ಲಿಯೇ ಬುದ್ಧಿ ಮಂಕಾದರೆ ಅದು ಸೋಂಕು, ಪಾರ್ಶ್ವವಾಯು ಮೊದಲಾದವುಗಳ ಸೂಚನೆಯಾಗಿರಬಹುದು. ತಡಮಾಡದೆ ಆಸ್ಪತ್ರೆಗೆ ಕರೆತರಬೇಕು.

ಜರ್ಮನಿಯ ವೈದ್ಯ ಅಲೋಯಿಸ್ ಆಲ್ಜೈಮರ್ 1906ರಲ್ಲಿ ಈ ರೋಗವನ್ನು ಮೊದಲಿಗೆ ವಿವರಿಸಿದರು. ಅವರು ಕಂಡ ರೋಗಿಯು 51 ವರ್ಷದ ಮಹಿಳೆ. ಆಕೆಯಲ್ಲಿ ಮೊದಲು ಎದ್ದು ಕಂಡ ಲಕ್ಷಣ ಮರೆವಲ್ಲ, ಗಂಡನ ಮೇಲಿನ ಸಂಶಯ! ನಮ್ಮ ಮನೆಗಳಲ್ಲಿ ಈ ಸಂಶಯವು ಸಾಮಾನ್ಯವಾಗಿ ಸೊಸೆಯತ್ತ ತಿರುಗುತ್ತದೆ. ತಾವೇ ಬಚ್ಚಿಟ್ಟು ಮರೆತ ಓಲೆಯನ್ನೋ ಪಿಂಚಣಿ ಹಣವನ್ನೋ ಸೊಸೆ ಕದ್ದಳೆಂದು ಅತ್ತೆ ದೂರುತ್ತಾರೆ. ಹಗಲೆಲ್ಲ ಹೊಲದಲ್ಲಿರುವ ಮಗನೊಡನೆ ಸಂಜೆ ಸರಿಯಾಗಿಯೇ ಮಾತನಾಡುವುದರಿಂದ, ಹೆಂಡತಿಯದೇ ತಪ್ಪೆಂದು ಆತ ಭಾವಿಸುತ್ತಾನೆ. ಇದೇ ಕಾರಣದಿಂದ ತವರಿಗೆ ಹೋಗಿ ಕುಳಿತಿದ್ದ ಸೊಸೆಯೊಬ್ಬಳನ್ನು ನಾನು ಬಲ್ಲೆ. ಓಲೆಗಳು ಅನಂತರ ರಾಗಿಯ ಮೂಟೆಯಲ್ಲಿ ದೊರೆತವು. ಗಂಡಂದಿರಲ್ಲಿ ನನ್ನ ವಿನಂತಿಯಿಷ್ಟೆ: ಹಗಲೆಲ್ಲ ಜೊತೆಗಿರುವವರು ಹೇಳುವ ಮಾತನ್ನು ನಂಬಿರಿ. ಸೊಸೆಯಂದಿರೂ ಅತ್ತೆಯ ದೂರನ್ನು ಹಗೆತನವೆಂದು ಎಣಿಸದೆ, ವಾದಕ್ಕಿಳಿಯದೆ, ಕಳೆದ ವಸ್ತುವನ್ನು ಅವರೊಡನೆ ಕೂಡಿ ಹುಡುಕುವುದು ಲೇಸು.

2023ರಲ್ಲಿ ಪ್ರಕಟವಾದ ಭಾರತದ ಅಧ್ಯಯನವೊಂದರ ಪ್ರಕಾರ 60 ದಾಟಿದ ನೂರು ಮಂದಿಯಲ್ಲಿ ಏಳಕ್ಕೂ ಹೆಚ್ಚು ಮಂದಿಗೆ ಮರೆಗುಳಿ ರೋಗಗಳಲ್ಲಿ ಒಂದಿಲ್ಲೊಂದು ಇದೆ. ನಗರಗಳಿಗಿಂತ ಹಳ್ಳಿಗಳಲ್ಲಿಯೇ ಇದು ಹೆಚ್ಚು.

ಗುಣವಾಗದ ಕಾಯಿಲೆಗೆ ಪರೀಕ್ಷೆಯೇಕೆ ಎಂದು ಕೆಲವರು ಕೇಳುತ್ತಾರೆ. ಮರೆವೆಲ್ಲವೂ ಆಲ್ಜೈಮರ್ ಅಲ್ಲ. ಬಿ-12 ಜೀವಸತ್ವದ ಕೊರತೆ, ಥೈರಾಯ್ಡ್ ದೋಷ, ಮನಸ್ಸಿನ ಖಿನ್ನತೆ, ಮದ್ಯಪಾನ, ನಿದ್ರೆ ಮಾತ್ರೆ, ವಾರಗಳ ಹಿಂದೆ ಬಿದ್ದಾಗ ತಲೆಯೊಳಗೆ ಕಟ್ಟಿಕೊಂಡ ರಕ್ತ, ಇವುಗಳಿಂದಲೂ ಮರೆವು ಬರಬಹುದು. ಬೇಗನೆ ಕಂಡುಹಿಡಿದರೆ ಇವುಗಳಿಗೆ ಚಿಕಿತ್ಸೆಯುಂಟು. ಆಲ್ಜೈಮರ್ ರೋಗವೇ ಆಗಿದ್ದರೆ ಅದನ್ನು ಪೂರ್ಣವಾಗಿ ವಾಸಿಮಾಡುವ ಔಷಧಿಯಿಲ್ಲ. ಕೆಲವು ಮಾತ್ರೆಗಳು ಕೆಲವರಿಗೆ ಕೆಲಕಾಲ ನೆರವಾಗುತ್ತವೆ. ಆದರೂ ಜಮೀನು ಯಾರಿಗೆ, ತಾವು ಯಾರ ಬಳಿ ಇರಬೇಕು ಎಂಬುದನ್ನು ಮೊದಲ ಹಂತದಲ್ಲಿ ಹಿರಿಯರು ತಾವೇ ಹೇಳಬಲ್ಲರು. ತಡವಾದರೆ ಹೆಬ್ಬೆಟ್ಟು ಒತ್ತಿಸಿಕೊಳ್ಳಲು ಕಾಗದ ಹಿಡಿದು ಬರುವ ನೆಂಟರಿಗೆ ನಮ್ಮಲ್ಲಿ ಕೊರತೆಯಿಲ್ಲ.

ಓದು ಬಾರದವರಿಗೆ ಪರೀಕ್ಷೆ ಹೇಗೆಂದು ಅಂಜಬೇಕಾಗಿಲ್ಲ. ಇಂದು ಯಾವ ವಾರ, ಮೊನ್ನೆ ಕಳೆದದ್ದು ಯಾವ ಹಬ್ಬ ಎಂಬಂತಹ ಪ್ರಶ್ನೆಗಳನ್ನೇ ಕೇಳಲಾಗುವುದು. ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬನ್ನಿ. ಅಗತ್ಯವಾದರೆ ಅಲ್ಲಿಂದ ದೊಡ್ಡ ಆಸ್ಪತ್ರೆಗೆ ಕಳುಹಿಸಲಾಗುವುದು. 14416 ಸಂಖ್ಯೆಗೆ ಕರೆಮಾಡಿದರೆ ಟೆಲಿ ಮಾನಸ್ ಸೇವೆಯಲ್ಲಿ ಉಚಿತ ಸಲಹೆಯೂ ದೊರೆಯುತ್ತದೆ. ಬರುವಾಗ ಹಿರಿಯರು ನುಂಗುತ್ತಿರುವ ಮಾತ್ರೆಗಳೆಲ್ಲವನ್ನೂ ತನ್ನಿ. ಜೊತೆಗೆ ಮಗನೊಬ್ಬನೇ ಬಾರದೆ, ಅವರನ್ನು ದಿನವೂ ನೋಡಿಕೊಳ್ಳುವ ಸೊಸೆಯೂ ಬರಲಿ.