ಒಬ್ಬರೇ ನಿಂತು ಹೇಳುವ ಕಥೆ



1841ರ ಆಗಸ್ಟ್‌ನಲ್ಲಿ ಅಮೆರಿಕದ ನಾಂಟಕೆಟ್ ದ್ವೀಪದಲ್ಲಿ ಗುಲಾಮಗಿರಿ ವಿರೋಧಿಗಳ ಸಭೆಯೊಂದು ನಡೆಯಿತು. ಮೂರು ವರ್ಷದ ಹಿಂದಷ್ಟೇ ಯಜಮಾನನಿಂದ ತಪ್ಪಿಸಿಕೊಂಡು ಬಂದಿದ್ದ ಫ್ರೆಡೆರಿಕ್ ಡಗ್ಲಸ್ ಅಲ್ಲಿ ಅಳುಕುತ್ತಲೇ ಎದ್ದು ನಿಂತು ತಮ್ಮ ಕಥೆ ಹೇಳಿದರು. ಸಭೆ ಬೆರಗಾಯಿತು. ಗುಲಾಮಗಿರಿ ವಿರೋಧಿ ಸಂಘದವರು ಅವರನ್ನು ಊರೂರಿಗೆ ಭಾಷಣಕ್ಕೆ ಕಳಿಸಿದರು. ಆದರೆ ಜೊತೆಗೊಂದು ಬುದ್ಧಿಮಾತು: ನಡೆದದ್ದನ್ನಷ್ಟೇ ಅವರು ಹೇಳಬೇಕು, ಅದರ ಅರ್ಥ ಬಿಡಿಸುವುದು ಬಿಳಿಯ ಮುಖಂಡರ ಕೆಲಸ. ಡಗ್ಲಸ್ ಒಪ್ಪಲಿಲ್ಲ. ಇಂದಿನ ಕಪ್ಪು ಕಲಾವಿದರ ಏಕವ್ಯಕ್ತಿ ಪ್ರಯೋಗಗಳು ನನಗೆ ಕಾಣುವುದು ಆ ಹಟದ ಮುಂದುವರಿಕೆಯಾಗಿಯೇ.

ಬ್ರಿಟನ್ನಿನ ಕಲಾವಿದೆ ಸೆಲಿನಾ ಥಾಂಪ್ಸನ್ 2016ರಲ್ಲಿ ಸರಕು ಹಡಗು ಹತ್ತಿದರು. ಗುಲಾಮರ ವ್ಯಾಪಾರ ನಡೆದ ಆ ಹಳೆಯ ತ್ರಿಕೋನವನ್ನು ಸುತ್ತಿ ಬರುವುದು ಅವರ ಉದ್ದೇಶ: ಯುರೋಪಿನಿಂದ ಘಾನಾ, ಅಲ್ಲಿಂದ ಜಮೈಕಾ, ಮತ್ತೆ ಮನೆ. ಆ ಪಯಣದಿಂದ ಹುಟ್ಟಿದ ಪ್ರಯೋಗ 'ಸಾಲ್ಟ್'. 2017ರಲ್ಲಿ ಎಡಿನ್‌ಬರೋದಲ್ಲಿ ಅದು ಹೆಸರು ಮಾಡಿತು. ವೇದಿಕೆಯ ಮೇಲೆ ಬಿಳಿ ಉಡುಪಿನ ಒಬ್ಬ ಹೆಂಗಸು, ಒಂದು ಉಪ್ಪಿನ ಬಂಡೆ, ಒಂದು ದೊಡ್ಡ ಸುತ್ತಿಗೆ. ಚೂರು ಸಿಡಿಯುತ್ತದೆಂದು ಮುಂದಿನ ಸಾಲಿನವರಿಗೆ ರಕ್ಷಣೆಯ ಕನ್ನಡಕ. ಅಧಿಕಾರದ ಭಾರ ಮೇಲಿನಿಂದ ಕೆಳಕ್ಕೆ, ಕಂಪನಿಯಿಂದ ಕ್ಯಾಪ್ಟನ್‌ಗೆ, ಕ್ಯಾಪ್ಟನ್‌ನಿಂದ ತಮ್ಮ ಮೈಮೇಲೆ ಹೇಗೆ ಇಳಿಯಿತೆಂದು ತೋರಿಸಲು ಅವರು ಬಂಡೆಯನ್ನು ಒಡೆಯುತ್ತಾರೆ. ಸುತ್ತಿಗೆ ಎತ್ತುವುದರಲ್ಲಿ ನಟನೆಯಿಲ್ಲ. ಒಡೆದರೇ ಬಂಡೆ ಒಡೆಯುವುದು. ಮುಗಿಸಿ ಹೊರಡುವಾಗ ಪ್ರೇಕ್ಷಕರ ಕೈಗೆ ಒಂದೊಂದು ಉಪ್ಪಿನ ಚೂರು.

ಉಪ್ಪಿನ ಋಣ ಎಂಬ ಮಾತು ನಮ್ಮಲ್ಲಿದೆ. ಇಲ್ಲಿ ಋಣ ಯಾರದು? 1833ರ ಕಾಯ್ದೆ ಗುಲಾಮಗಿರಿಯನ್ನು ರದ್ದುಮಾಡಿದಾಗ ಬ್ರಿಟಿಷ್ ಸರ್ಕಾರ 2 ಕೋಟಿ ಪೌಂಡ್ ಪರಿಹಾರ ಕೊಟ್ಟಿತು. ಕೊಟ್ಟದ್ದು ಯಜಮಾನರಿಗೆ; ಬಿಡುಗಡೆಯಾದವರಿಗೆ ಚಿಕ್ಕಾಸೂ ಇಲ್ಲ. ಅದಕ್ಕಾಗಿ ಎತ್ತಿದ ಸಾಲ ಪೂರ್ತಿ ತೀರಿದ್ದು 2015ರಲ್ಲಿ. ಅಂದರೆ ಥಾಂಪ್ಸನ್ ಹಡಗು ಹತ್ತುವ ಹಿಂದಿನ ವರ್ಷದವರೆಗೂ, ಗುಲಾಮರ ವಂಶಸ್ಥರು ಕಟ್ಟಿದ ತೆರಿಗೆಯೂ ಆ ಸಾಲಕ್ಕೆ ಹೋಗುತ್ತಿತ್ತು.

ಇನ್ನೊಂದು ದಾರಿ ನಟ ಪ್ಯಾಟರ್ಸನ್ ಜೋಸೆಫ್ ಅವರದು. ಹಳೆಯ ಕಾಲದ ಇಂಗ್ಲಿಷ್ ನಾಟಕಗಳಲ್ಲಿ ಕಪ್ಪು ನಟರಿಗೆ ಪಾತ್ರ ಸಿಗುವುದೇ ಅಪರೂಪವಾಗಿತ್ತು, ಆ ಕಾಲದಲ್ಲಿ ಅವರು ಅಲ್ಲಿ ಇರಲೇ ಇಲ್ಲವೆಂಬಂತೆ. ಜೋಸೆಫ್ ಇತಿಹಾಸ ಕೆದಕಿ ಇಗ್ನೇಷಿಯಸ್ ಸ್ಯಾಂಚೊರನ್ನು ಹುಡುಕಿ ತೆಗೆದರು. ಗುಲಾಮರ ಹಡಗಿನಲ್ಲೇ ಹುಟ್ಟಿದರೆಂದು ಹೇಳಲಾಗುವ ಈತ ಲಂಡನ್ನಿನಲ್ಲಿ ಕಿರಾಣಿ ಅಂಗಡಿ ಇಟ್ಟು, ಸಂಗೀತ ರಚಿಸಿ, 1774ರಲ್ಲಿ ಮತ ಹಾಕಿದವರು. ಅವರ ಬಗ್ಗೆ ಜೋಸೆಫ್ ತಾವೇ ನಾಟಕ ಬರೆದು ತಾವೊಬ್ಬರೇ ಆಡಿದರು. ಅಲ್ಲಿ ಕಣ್ಣೀರಿಗಿಂತ ನಗೆಯೇ ಹೆಚ್ಚು ಕೆಲಸ ಮಾಡುತ್ತದೆ.

ಏಕೆ ಒಬ್ಬರೇ? ಅಟ್ಲಾಂಟಿಕ್ ಗುಲಾಮರ ವ್ಯಾಪಾರದಲ್ಲಿ ಸುಮಾರು 1.25 ಕೋಟಿ ಆಫ್ರಿಕನ್ನರನ್ನು ಹಡಗಿಗೆ ತುಂಬಲಾಯಿತು. ಜೀವಂತವಾಗಿ ಇಳಿದವರು ಸುಮಾರು 1.07 ಕೋಟಿ. ಹಡಗಿನ ಲೆಕ್ಕದಲ್ಲಿ ಅವರು ಸರಕು. ಆ ರಾಶಿಯಿಂದ ಒಬ್ಬರನ್ನು ಎಬ್ಬಿಸಿ ನಿಲ್ಲಿಸುವುದೇ ಆ ಲೆಕ್ಕಕ್ಕೆ ಕೊಡುವ ಉತ್ತರ. ಒಬ್ಬರ ಎದುರು ಕುಳಿತಾಗ ನಾವೂ ಗುಂಪಿನಲ್ಲಿ ಮರೆಯಾಗಲಾರೆವು.

ಇದು ದೂರದ ಸಂಗತಿಯೇನಲ್ಲ. ಆಫ್ರಿಕಾದಿಂದ ಪೋರ್ಚುಗೀಸರು ಗೋವಾಕ್ಕೆ ತಂದ ಗುಲಾಮರ ಪೀಳಿಗೆಯವರು ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಕಾಡಂಚಿನಲ್ಲಿದ್ದಾರೆ. ಅವರು ಸಿದ್ದಿಗಳು, ಕನ್ನಡ ಬಲ್ಲವರು. ಅವರಲ್ಲಿ ನೀನಾಸಮ್‌ನಲ್ಲಿ ಕಲಿತ ಗಿರಿಜಾ ಸಿದ್ದಿಯಂಥ ನಟಿಯರೂ ಇದ್ದಾರೆ. ಆದರೂ ಉತ್ಸವಗಳಿಗೆ ನಾವು ಸಿದ್ದಿಗಳನ್ನು ಕರೆಯುವುದು ಬಹುತೇಕ ಡೋಲು ಬಡಿದು ಆಡುವ ಡಮಾಮಿ ಕುಣಿತಕ್ಕೆ. ಕುಣಿತ ಅವರದು, ವಿವರಣೆ ನಿರೂಪಕರದು. ಡಗ್ಲಸ್‌ಗೆ ಹೇಳಿದ ಬುದ್ಧಿಮಾತೂ ಇದೇ ಅಲ್ಲವೇ?

ನನ್ನದೊಂದು ವಿನಂತಿ. ಈ ಮಾಲೆಯ ಮುಂದಿನ ಉಪನ್ಯಾಸಕ್ಕೆ ಒಬ್ಬ ಸಿದ್ದಿಯನ್ನು ಕರೆಯಿರಿ. ಡೋಲು ಬೇಡ, ಮೈಕು ಸಾಕು.