ಕಾಲು ತೆಗೆದ ಕೂಡಲೇ ಆಫ್ ಆಗುವ ಹಳೇ ಗಾಡಿ

ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು, ಎಲ್ಲಿಂದ ಬಂದ ಪತ್ರ ಬಿಚ್ಚಿದರೂ ಒಂದೇ ಅಳಲು: “ಅಪ್ಪನ ಕಾಲದ ಪದ್ಮಿನಿ ಕಾರು. ರೋಡಲ್ಲಿ ಚೆನ್ನಾಗಿ ಓಡುತ್ತೆ, ಆಕ್ಸಿಲರೇಟರ್ ಬಿಟ್ಟರೆ ಆಫ್. ಹೊಸ ಕಾರ್ಬೊರೇಟರ್ ಹಾಕಿಸಬೇಕಾ?”

ಬೇಡ. ಗಾಳಿ ಎಲ್ಲಿ ಕದ್ದು ಒಳಗೆ ಹೋಗುತ್ತಿದೆ ಅಂತ ಮೊದಲು ಹುಡುಕಿ.

ಐಡ್ಲಿಂಗ್‌ನಲ್ಲಿ ಥ್ರಾಟಲ್ ಹೆಚ್ಚುಕಡಿಮೆ ಮುಚ್ಚಿರುತ್ತೆ. ಒಳಗೆ ಹೋಗುವ ಗಾಳಿ ಸ್ವಲ್ಪ, ಇಂಜಿನ್ನಿನ ಎಳೆತ ಮಾತ್ರ ಬಲು ಜೋರು. ಕಾರ್ಬೊರೇಟರ್ ಕೆಳಗಿನ ಗ್ಯಾಸ್ಕೆಟ್ ಎಲ್ಲೋ ಕೂದಲೆಳೆಯಷ್ಟು ಬಿಟ್ಟಿದ್ದರೂ ಅಲ್ಲಿಂದ ಗಾಳಿ ನುಗ್ಗಿ, ಗಾಳಿ-ಪೆಟ್ರೋಲ್ ಮಿಶ್ರಣ ತೆಳುವಾಗುತ್ತೆ. ಎಳನೀರಿನ ಕೊಳವೆ ಮಧ್ಯದಲ್ಲಿ ತೂತಾದರೆ ಬಾಯಿಗೆ ಬರಿ ಗಾಳಿ ಬರುವುದಿಲ್ಲವೇ, ಹಾಗೆ. ವೇಗದಲ್ಲಿ ಓಡುವಾಗ ಒಳಗೆ ಹೋಗುವ ಗಾಳಿಯೇ ಅಪಾರ. ಈ ಚೂರು ಲೆಕ್ಕಕ್ಕೆ ಬರುವುದಿಲ್ಲ. ಅದಕ್ಕೇ ಗಾಡಿ ರೋಡಲ್ಲಿ ಚೆನ್ನ, ನಿಂತಾಗ ಆಫ್. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲ್ ಬೇರೆ. ಹಳೇ ಜೆಟ್‌ಗೆ ಅದರಿಂದ ಮಿಶ್ರಣ ಇನ್ನಷ್ಟು ತೆಳು. ಹಳೇ ರಬ್ಬರ್ ಹೋಸೂ ಬೇಗ ಹಾಳು.

ಇಂಜಿನ್ ಬಿಸಿಯಾದ ಮೇಲೆ ಚೋಕ್ ಚೂರು ಎಳೆಯಿರಿ. ಓಟ ಸರಿಹೋಯಿತೋ, ಮಿಶ್ರಣ ತೆಳುವಾಗಿದೆ ಅಂತಲೇ ಅರ್ಥ. ಆಮೇಲೆ ಮ್ಯಾನಿಫೋಲ್ಡ್ ಜಾಯಿಂಟಿಗೆ, ಗ್ಯಾಸ್ಕೆಟಿಗೆ ನೀರು ಸಿಂಪಡಿಸಿ. ಪ್ಲಗ್ ವೈರಿಗೆ, ಡಿಸ್ಟ್ರಿಬ್ಯೂಟರಿಗೆ ತಾಗಬಾರದು. ಶಬ್ದ ಬದಲಾದ ಕಡೆ ಸೋರಿಕೆ. ಪೆಟ್ರೋಲ್ ಸಿಂಪಡಿಸುವವರನ್ನು ಕಂಡಿದ್ದೇನೆ, ನನಗೆ ತಡೆಯಲಾಗದ ಸಿಟ್ಟು ಬರುತ್ತೆ. ಅಂಬಾಸಿಡರಿನಲ್ಲಿ ಇನ್‌ಲೆಟ್, ಎಕ್ಸಾಸ್ಟ್ ಎರಡೂ ಒಂದೇ ಬದಿ. ಬಿಸಿ ಎಕ್ಸಾಸ್ಟ್ ಮೇಲೆ ಪೆಟ್ರೋಲ್ ಬಿದ್ದರೆ ಬೆಂಕಿ ಹತ್ತುತ್ತೆ!

ಇನ್ನೊಂದು ಮಾತು, ದಯವಿಟ್ಟು ಕೇಳಿ. ಗ್ಯಾಸ್ಕೆಟ್ ಬಿಟ್ಟಿದೆ ಅಂತ ಕಾರ್ಬೊರೇಟರ್ ನಟ್ಟು ಬಲವಾಗಿ ಬಿಗಿಯಬೇಡಿ. ಅದು ಮೆತ್ತನೆ ಲೋಹ, ಬಿಗಿದಷ್ಟೂ ತಳ ಬಾಗುತ್ತೆ, ಬಾಗಿದಷ್ಟೂ ಸೋರಿಕೆ ಹೆಚ್ಚು. ಬಿಗಿಯಬೇಡಿ. ಬಿಚ್ಚಿ, ಗಾಜಿನ ಹಲಗೆ ಮೇಲಿಟ್ಟು ತಳ ಸಮ ಇದೆಯೇ ನೋಡಿ, ಹೊಸ ಗ್ಯಾಸ್ಕೆಟ್ ಹಾಕಿ. ಐಡ್ಲಿಂಗ್ ಸ್ಕ್ರೂ ತಿರುಗಿಸಿ ಸ್ಪೀಡ್ ಏರಿಸಿದರೆ ಸಾಕು ಅನ್ನುವುದೂ ಸುಳ್ಳು. ಅದರಿಂದ ರೋಗ ಮುಚ್ಚಿಹೋಗುತ್ತೆ, ಅಷ್ಟೇ.

ನಮ್ಮ ಜಿಲ್ಲೆಯ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ನಮ್ಮ ದೇಶಕ್ಕೊಂದು ಮೋಟಾರು ಕಾರ್ಖಾನೆ ಬೇಕೆಂದು 1930ರ ದಶಕದಲ್ಲೇ ಓಡಾಡಿದವರು. ಪದ್ಮಿನಿ ತಯಾರಿಸಿದ ಪ್ರೀಮಿಯರ್ ಕಂಪನಿಯನ್ನು ವಾಲ್‌ಚಂದ್ ಹೀರಾಚಂದ್ ಕಟ್ಟಿದ್ದು 1944ರಲ್ಲಿ. ಅಂಥ ಗಾಡಿ ಒಂದು ಗ್ಯಾಸ್ಕೆಟ್ಟಿಗಾಗಿ ನಮ್ಮ ಜಿಲ್ಲೆಯಲ್ಲೇ ಗುಜರಿ ಸೇರಿದರೆ ನನಗೆ ಸಂಕಟವಾಗುತ್ತೆ.

ಸಮಯ ಮುಗಿಯುತ್ತಾ ಬಂತು. ಗಾಳಿ ಸೋರಿಕೆ ಇಲ್ಲದಿದ್ದರೆ ಐಡ್ಲಿಂಗಿಗೆ ಪೆಟ್ರೋಲ್ ಕೊಡುವ ಸ್ಲೋ ಜೆಟ್ ಬಿಚ್ಚಿ ಗಾಳಿ ಊದಿ. ಸೂಜಿ, ತಂತಿ ತೂರಿಸಿದರೆ ತೂತು ದೊಡ್ಡದಾಗುತ್ತೆ. ಡಿಸ್ಟ್ರಿಬ್ಯೂಟರಿನ ಪಾಯಿಂಟ್ ಗ್ಯಾಪನ್ನೂ ನೋಡಿ, ಅಂಬಾಸಿಡರಿಗೆ 0.35ರಿಂದ 0.40 ಮಿಲಿಮೀಟರ್. ನಂದಿಬೆಟ್ಟದ ಮೇಲೆ, 1,478 ಮೀಟರ್ ಎತ್ತರದಲ್ಲಿ, ಗಾಳಿ ತೆಳು, ಮಿಶ್ರಣ ದಪ್ಪ. ಅಲ್ಲಿ ನಿಂತು ಟ್ಯೂನಿಂಗ್ ಮಾಡಬೇಡಿ, ಇಳಿದು ಬಂದು ಮಾಡಿ. ಇಷ್ಟೆಲ್ಲ ಆದಮೇಲೂ ಆಫ್ ಆದರೆ ಟ್ಯಾಪೆಟ್ ಗ್ಯಾಪ್ ನೋಡಿಸಿ, ಕಂಪ್ರೆಶನ್ ಅಳೆಸಿ.