ಅರಿಶಿನ ಕುಂಕುಮಕ್ಕೆ ಒಂದು ರುಜು

ಇವತ್ತು ರಾಜಕೀಯ ಬಿಟ್ಟು, ಮೂರು ಎಕರೆ ತೆಂಗಿನ ತೋಟದ ಬಗ್ಗೆ ಮಾತಾಡೋಣ.

ಕಳೆದ ವಾರ ಕಾರ್ಯಕ್ರಮ ಮುಗಿಸಿ ಹೊರಗೆ ಬಂದಾಗ ಒಂದು ಫೋನ್. ಚನ್ನರಾಯಪಟ್ಟಣ ತಾಲ್ಲೂಕು, ಹಿರೀಸಾವೆ ಹೋಬಳಿಯ ಹುಡುಗಿ. ಕಾನೂನು ಓದ್ತಿದ್ದಾಳೆ, ಈ ಸೆಮಿಸ್ಟರ್‌ನಲ್ಲಿ ಪ್ರಾಪರ್ಟಿ ಲಾ ಇದೆಯಂತೆ. "ಸಾರ್, ಕ್ಲಾಸಲ್ಲಿ 1882ರ ಸ್ವತ್ತು ವರ್ಗಾವಣೆ ಕಾಯ್ದೆ ಪಾಠ ಮಾಡ್ತಾರೆ. ಕ್ರಯ, ಆಧಾರ, ಭೋಗ್ಯ, ದಾನ ಎಲ್ಲಾ ಬಾಯಿಪಾಠ ಆಗಿದೆ. ಆದ್ರೆ ನಮ್ಮ ಮನೆಗೆ ಬಂದಿರೋ ಒಂದು ಕಾಗದಕ್ಕೆ ಏನು ಹೇಳ್ಬೇಕು ಗೊತ್ತಾಗ್ತಿಲ್ಲ" ಅಂದಳು.

ಆ ಕಾಗದ ಹಕ್ಕು ಖುಲಾಸೆ ಪತ್ರ. ಅವಳ ತಾಯಿಯ ತವರಿನ ತೋಟ ಬೆಂಗಳೂರು–ಮಂಗಳೂರು ಹೆದ್ದಾರಿಗೆ ಹತ್ತಿರ ಇದೆ. ಲೇಔಟ್ ಮಾಡೋರು ಕೇಳಿದ್ದಾರೆ. ಇಬ್ಬರು ಸೋದರಮಾವಂದಿರು ಮಾರೋಕೆ ತಯಾರು. ತಂಗಿ ಬಂದು ಒಂದು ರುಜು ಹಾಕಿಬಿಟ್ರೆ "ಅರಿಶಿನ ಕುಂಕುಮಕ್ಕೆ" ಅಂತ ಎರಡು ಲಕ್ಷ ಕೊಡ್ತಾರಂತೆ. ತಾಯಿ ಸೀರೆ ಉಟ್ಟು ಹೊರಡೋಕೆ ರೆಡಿ. ಮಗಳು ಅಡ್ಡ ನಿಂತಿದ್ದಾಳೆ. "ನಿನಗೆ ಮದುವೆಯಾಗಿ 1991ಕ್ಕೇ ಕಳಿಸಿಕೊಟ್ಟಾಯ್ತು, ಇಲ್ಲಿ ನಿನಗೆ ಹಕ್ಕಿಲ್ಲ" ಅಂತ ಅಣ್ಣ ಹೇಳಿದ್ದಾರೆ.

ಹಕ್ಕೇ ಇಲ್ಲದವರ ರುಜು ಯಾಕ್ರೀ ಬೇಕು? ದಾರಿಯಲ್ಲಿ ಹೋಗೋರನ್ನ ಕರೆದು ಯಾರಾದ್ರೂ ಖುಲಾಸೆ ಪತ್ರಕ್ಕೆ ಸಹಿ ಹಾಕಿಸ್ಕೋತಾರಾ? ಕೊಳ್ಳೋರ ವಕೀಲರಿಗೆ ಕಾನೂನು ಗೊತ್ತು, ಅದಕ್ಕೇ ಕೇಳ್ತಿದ್ದಾರೆ.

ಅಣ್ಣನ ಮಾತು ಪೂರ್ತಿ ಸುಳ್ಳು ಅಂತಾನೂ ನಾನು ಹೇಳಲ್ಲ. ಅದು ಹಳೇ ಕಾನೂನು. ಹಾಸನ ಜಿಲ್ಲೆ ಮೈಸೂರು ಸಂಸ್ಥಾನದ್ದು. ಅಲ್ಲಿ 1933ರಲ್ಲೇ ಹಿಂದೂ ಮಹಿಳೆಯರ ಹಕ್ಕುಗಳ ಕಾಯ್ದೆ ಬಂದಿತ್ತು. ದೇಶದ ಬೇರೆ ಕಡೆಗೆ ಹೋಲಿಸಿದ್ರೆ ಅದು ಎಷ್ಟೋ ಮುಂದೆ. ಆದರೂ ಪಾಲಾಗುವಾಗ ಮದುವೆಯಾಗದ ಮಗಳಿಗೆ ಸಿಗ್ತಿದ್ದದ್ದು ಅಣ್ಣತಮ್ಮನ ಪಾಲಿನ ಕಾಲು ಭಾಗ. ಆಮೇಲೆ 1994ರಲ್ಲಿ ಕರ್ನಾಟಕ ತಿದ್ದುಪಡಿ ತಂದು ಮಗಳಿಗೂ ಮಗನಷ್ಟೇ ಹಕ್ಕು ಕೊಟ್ಟಿತು. ಆದರೆ ಆ ಕಾಯ್ದೆ ಜಾರಿಗೆ ಬರೋ ಮೊದಲೇ ಮದುವೆಯಾದವರಿಗೆ ಇಲ್ಲ ಅಂದಿತು. 1991ರಲ್ಲಿ ಧಾರೆ ಎರೆಸಿಕೊಂಡ ಈ ತಾಯಿ ಆ ಲೆಕ್ಕದಲ್ಲಿ ಹೊರಗೆ. ಮಾವನ ಕಾನೂನು ಜ್ಞಾನ ಅಲ್ಲಿಗೇ ನಿಂತಿದೆ.

2005ರ ಸೆಪ್ಟೆಂಬರ್ 9ಕ್ಕೆ ಕೇಂದ್ರದ ತಿದ್ದುಪಡಿ ಬಂತು. ಅದರಲ್ಲಿ ಮದುವೆಯ ಷರತ್ತೇ ಇಲ್ಲ. ಆದರೆ ಜಗಳ ಮುಗೀಲಿಲ್ಲ. ಅಪ್ಪ ಆ ದಿನಕ್ಕೆ ಬದುಕಿರಬೇಕಾ, ಬೇಡವಾ? ಈ ಪ್ರಶ್ನೆಯನ್ನ ಸುಪ್ರೀಂ ಕೋರ್ಟಿಗೆ ಹೊತ್ತುಕೊಂಡು ಹೋದದ್ದರಲ್ಲಿ ನಮ್ಮ ಕರ್ನಾಟಕದ ಹೆಣ್ಣುಮಕ್ಕಳೇ ಮುಂದೆ. ಫೂಲಾವತಿ ಪ್ರಕರಣದಲ್ಲಿ 2015ರಲ್ಲಿ ಕೋರ್ಟು, ಅಪ್ಪ ಬದುಕಿರಬೇಕು ಅಂದಿತು. ದಾನಮ್ಮ ಪ್ರಕರಣದಲ್ಲಿ ಅಪ್ಪ 2001ರಲ್ಲೇ ತೀರಿಕೊಂಡಿದ್ದರು, ಆದರೂ 2018ರಲ್ಲಿ ಅದೇ ಸುಪ್ರೀಂ ಕೋರ್ಟು ಹೆಣ್ಣುಮಕ್ಕಳಿಗೆ ತಲಾ ಐದನೇ ಒಂದು ಪಾಲು ಕೊಟ್ಟಿತು. ಒಂದೇ ಕೋರ್ಟು, ಎರಡು ದಾರಿ. ಕೊನೆಗೆ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಗಂಟು ಬಿಚ್ಚಿತು: ಮಗಳ ಹಕ್ಕು ಹುಟ್ಟಿನಿಂದ ಬಂದದ್ದು, ಅಪ್ಪ 2005ಕ್ಕೆ ಬದುಕಿರಬೇಕಾಗಿಲ್ಲ.

ಹಾಗಾದ್ರೆ ಈ ತಾಯಿಗೆ? ತೋಟ ಪಿತ್ರಾರ್ಜಿತ, ಅಜ್ಜ ಅಜ್ಜಿ ಇಬ್ಬರೂ ಇಲ್ಲ, ಉಳಿದಿರೋದು ಮೂವರು ಮಕ್ಕಳು. ಮೂರು ಎಕರೆಯಲ್ಲಿ ಒಂದು ಎಕರೆ. ನಲವತ್ತು ಗುಂಟೆ, ಹೆದ್ದಾರಿ ಪಕ್ಕ. ಎರಡು ಲಕ್ಷ! ಒಂದು ಗುಂಟೆಗೆ ಐದು ಸಾವಿರ ಬಿತ್ತು. ಇನ್ನು ಅದು ಅಜ್ಜನ ಸ್ವಯಾರ್ಜಿತ ಆಗಿ, ಅವರು ವಿಲ್ ಬರೆಯದೇ ಹೋಗಿದ್ದರೂ, 1956ರ ಕಾಯ್ದೆಯಲ್ಲೇ ಮಗಳು ಮಗನಿಗೆ ಸಮ.

ಒಂದು ಅಡ್ಡಿ ಮಾತ್ರ ಗಟ್ಟಿ. 2004ರ ಡಿಸೆಂಬರ್ 20ಕ್ಕೆ ಮೊದಲೇ ಪಾಲು ಆಗಿದ್ದರೆ ಅದನ್ನ ಮುಟ್ಟೋ ಹಾಗಿಲ್ಲ. ಮಾವ ಈಗ "ಪಂಚಾಯ್ತಿ ಸೇರಿಸಿ ಬಿಳಿ ಹಾಳೆ ಮೇಲೆ ಪಾಲುಪಾರಿಕತ್ತು ಬರೆಸಿದ್ವಿ" ಅಂತಾರಂತೆ. ಕಾಯ್ದೆ ಕೇಳೋದು ರಿಜಿಸ್ಟರ್ ಆದ ಪತ್ರ, ಇಲ್ಲ ಕೋರ್ಟಿನ ಡಿಕ್ರಿ. ಬಾಯಿಮಾತಿನ ಪಾಲನ್ನ ಕೋರ್ಟು ಅಪರೂಪಕ್ಕೆ ಒಪ್ಪುತ್ತೆ, ಅದೂ ಸರ್ಕಾರಿ ದಾಖಲೆಗಳ ಬೆಂಬಲ ಇದ್ದರೆ. ಆ ಹುಡುಗಿಗೆ ಕೇಳಿದೆ: "ಪಹಣಿ ಯಾರ ಹೆಸರಲ್ಲಿದೆ?" "ಒಂಬತ್ತನೇ ಕಾಲಂನಲ್ಲಿ ಇನ್ನೂ ತಾತನ ಹೆಸರೇ ಇದೆ ಸಾರ್. ಪೌತಿ ಖಾತೆನೇ ಆಗಿಲ್ಲ." ಪಾಲು ಆಗಿದ್ದರೆ ಇಷ್ಟು ವರ್ಷ ಖಾತೆ ಯಾಕೆ ಬದಲಾಗಲಿಲ್ಲ? ಮಾವನಿಗೆ ಈ ಪ್ರಶ್ನೆ ಕೇಳೋಕೆ ವಕೀಲರೇ ಬೇಕಿಲ್ಲ.

ನಾನು ಎಂಜಿನಿಯರಿಂಗ್ ಓದಿದವನು. ಸರ್ವೇ ಕ್ಯಾಂಪಿನಲ್ಲಿ ಥಿಯೋಡೊಲೈಟ್ ಹಿಡಿದು ಬಿಸಿಲಲ್ಲಿ ನಿಂತು ಜಮೀನು ಅಳೆದಿದ್ದೀನಿ. ನಮ್ಮ ಮನೆ ಪಹಣಿ ಕೈಗೆ ಕೊಟ್ಟಾಗ ಮಾತ್ರ ತಲೆಕೆಳಗೆ ಹಿಡಿದಿದ್ದೆ! ಒಂಬತ್ತರಲ್ಲಿ ಮಾಲೀಕ, ಹನ್ನೊಂದರಲ್ಲಿ ಸಾಲ-ಋಣ, ಹನ್ನೆರಡರಲ್ಲಿ ಸಾಗುವಳಿದಾರ ಅಂತ ಹೇಳಿಕೊಟ್ಟದ್ದು ಊರಿನ ಒಬ್ಬ ಅಜ್ಜ. ಕಾನೂನು ಕಾಲೇಜುಗಳಲ್ಲೂ ಇದೇ ಕಥೆ ಅನ್ನಿಸುತ್ತೆ. ಕ್ರಯಪತ್ರ ಬರೆಯೋ ಪಾಠ ಇದೆ, ಪಾರ್ಲಿಮೆಂಟಿನ ಕಾಯ್ದೆ ಇದೆ. ಆದರೆ ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರು ಬಿಟ್ಟು ಪೌತಿ ಖಾತೆ ಮಾಡಿಸಿದರೆ ಏನು ಮಾಡಬೇಕು ಅನ್ನೋದಕ್ಕೆ ಒಂದು ಗಂಟೆ ಕ್ಲಾಸ್ ಇದ್ದಿದ್ದರೆ, ಈ ಹುಡುಗಿ ಟಿವಿ ಆ್ಯಂಕರ್‌ಗೆ ಫೋನ್ ಮಾಡ್ತಿರಲಿಲ್ಲ.

ಮಾವನ ಕಡೆ ನ್ಯಾಯಾನೂ ಹೇಳ್ತೀನಿ. ಬೋರ್ ಕೊರೆಸಿದ್ದು ಅವರು, ಒಣಗಿದ ಮರ ಕಡಿದು ಸಸಿ ಇಟ್ಟಿದ್ದು ಅವರು, ಅಪ್ಪ ಅಮ್ಮನ ಆಸ್ಪತ್ರೆ ಖರ್ಚು ನೋಡಿದ್ದೂ ಅವರೇ. ಅದಕ್ಕೆ ಬೆಲೆ ಕಟ್ಟಿ ಕೂತು ಮಾತಾಡಲಿ. ತಂಗಿ ಒಂದಿಷ್ಟು ಬಿಟ್ಟುಕೊಡಬಹುದು. ಆದರೆ ತನಗೆ ಎಷ್ಟು ಬರಬೇಕು ಅಂತ ಗೊತ್ತಿದ್ದು ಬಿಟ್ಟುಕೊಡೋದು ಬೇರೆ, ಗೊತ್ತಿಲ್ಲದೇ ಹೆಬ್ಬೆಟ್ಟು ಒತ್ತೋದು ಬೇರೆ. ಒಮ್ಮೆ ರಿಜಿಸ್ಟರ್ ಆದ ಖುಲಾಸೆ ಪತ್ರವನ್ನ ರದ್ದು ಮಾಡಿಸೋಕೆ ಮೋಸ ಆಗಿದೆ ಅಂತ ಕೋರ್ಟಿನಲ್ಲಿ ಸಾಬೀತು ಮಾಡಬೇಕು, ಅದಕ್ಕೂ ಮೂರು ವರ್ಷದ ಗಡುವಿದೆ.

ನಿನ್ನೆ ರಾತ್ರಿ ಆ ಹುಡುಗಿ ಮತ್ತೆ ಫೋನ್ ಮಾಡಿದ್ದಳು. ಅಮ್ಮ ರುಜು ಹಾಕಿಲ್ಲ. ಆದರೆ ಅಳ್ತಿದ್ದಾರಂತೆ. "ನಾಳೆ ಗೌರಿ ಹಬ್ಬಕ್ಕೆ ಅಣ್ಣ ಬಾಗಿನ ತರದೇ ಹೋದ್ರೆ ಒಂದು ಎಕರೆ ಇಟ್ಕೊಂಡು ಏನು ಮಾಡ್ಲಿ?" ಅಂತ ಕೇಳಿದ್ರಂತೆ. ಅದಕ್ಕೆ ಯಾವ ಸೆಕ್ಷನ್ ಹೇಳ್ಲಿ ಸಾರ್ ಅಂದಳು. ನನಗೂ ತಕ್ಷಣಕ್ಕೆ ತೋಚಲಿಲ್ಲ. ಹಬ್ಬ ಆಗೋವರೆಗೂ ಯಾರೂ ಯಾವ ಕಾಗದಕ್ಕೂ ಸಹಿ ಹಾಕಬೇಡಿ, ಮಾವಂದಿರನ್ನ ನೀವೇ ಊಟಕ್ಕೆ ಕರೀರಿ, ಪಹಣಿ ಊಟ ಆದ ಮೇಲೆ ತೆಗೀರಿ ಅಂದೆ.